ಗೋಡೆಯ ಮೇಲಿನ ಫಲಕ, ಮೇಜಿನ ಮೇಲಿನ ಟಾರ್ಗೆಟ್

ಮಾರ್ಚ್ ತಿಂಗಳ ಎರಡನೇ ವಾರ. ನಿವೃತ್ತ ಶಿಕ್ಷಕಿಯಾದ ನಮ್ಮ ಚಿಕ್ಕಮ್ಮ ಅವಧಿ ಮುಗಿದ ಎಫ್.ಡಿ.ಯೊಂದನ್ನು ನವೀಕರಿಸಲು ಬ್ಯಾಂಕಿಗೆ ಹೋದರು. ಹೋದದ್ದು ಹನ್ನೊಂದಕ್ಕೆ, ಮನೆಗೆ ಬಂದದ್ದು ಒಂದೂವರೆಗೆ. ಬರುವಾಗ ಕೈಯಲ್ಲಿ ಎಫ್.ಡಿ. ರಸೀದಿಯ ಬದಲು ಹತ್ತು ವರ್ಷ ಪ್ರೀಮಿಯಂ ಕಟ್ಟಬೇಕಾದ ವಿಮಾ ಪಾಲಿಸಿಯ ಕಾಗದಗಳಿದ್ದವು. ಅವರಿಗೆ ವಯಸ್ಸು ಅರವತ್ತಮೂರು. ‘ಎಫ್.ಡಿ.ಗಿಂತ ಇದೇ ಒಳ್ಳೆಯದಂತೆ, ಆ ಹುಡುಗ ಅಷ್ಟು ಚೆನ್ನಾಗಿ ಹೇಳಿದ’ ಎಂದರು. ಆ ಹುಡುಗ ಒಡಿಶಾದಿಂದ ಬಂದ ಹೊಸ ಅಧಿಕಾರಿ. ಕನ್ನಡ ಕಲಿಯುತ್ತಿದ್ದಾನೆ. ಚಿಕ್ಕಮ್ಮನನ್ನು ಕೂರಿಸಿ ಚಹಾ ತರಿಸಿಕೊಟ್ಟಿದ್ದಾನೆ. ಅವನ ಕುರ್ಚಿಯ ಹಿಂದೆ ಗೋಡೆಯ ಮೇಲೆ ಬ್ಯಾಂಕಿನ ಮೂಲಮೌಲ್ಯಗಳ ಫಲಕವಿತ್ತಂತೆ. ಪ್ರಾಮಾಣಿಕತೆ, ಪಾರದರ್ಶಕತೆ, ಗ್ರಾಹಕರ ಹಿತ. ಮೇಷ್ಟರಗಿತ್ತಿ ಅಲ್ಲವೇ, ಫಲಕದಲ್ಲಿ ಒಂದು ಕಾಗುಣಿತದ ತಪ್ಪಿತ್ತು ಎಂಬುದನ್ನೂ ಗಮನಿಸಿ ಬಂದಿದ್ದರು.

ಆ ಪಾಲಿಸಿ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಆ ಫಲಕದ ವಿಚಾರ.

ಕಂಪನಿಗಳಿಗೆ, ಬ್ಯಾಂಕುಗಳಿಗೆ ಈಗ ಮೂಲಮೌಲ್ಯಗಳ ಮೇಲೆ ಎಲ್ಲಿಲ್ಲದ ಪ್ರೀತಿ. ಹೊಸಬರಿಗೆ ಮೊದಲ ದಿನವೇ ಅದರ ಪಾಠ. ಲಿಫ್ಟಿನ ಬಾಗಿಲಲ್ಲಿ, ಕಾಫಿ ಲೋಟದ ಮೇಲೆ, ಕೊರಳ ಪಟ್ಟಿಯ ಮೇಲೆ ಅದೇ ನಾಲ್ಕೈದು ಪದಗಳು. ಮೌಲ್ಯಗಳನ್ನು ಎಲ್ಲರೂ ಹಂಚಿಕೊಂಡರೆ ಕೆಲಸದ ಜಾಗ ತಾನಾಗಿ ಹುರುಪುಗೊಳ್ಳುತ್ತದೆ ಎಂಬ ನಂಬಿಕೆ. ನಂಬಿಕೆ ಸುಳ್ಳೇನಲ್ಲ. ಆದರೆ ಮೌಲ್ಯ ಹಂಚಿಕೆಯಾಗುವುದು ಫಲಕದಿಂದಲ್ಲ, ಸಂಬಳ ಬಡ್ತಿ ವರ್ಗಾವಣೆಗಳಿಂದ. ಸಂಸ್ಥೆ ಯಾರ ಬೆನ್ನು ತಟ್ಟುತ್ತದೆ, ಯಾರನ್ನು ವಿ.ಸಿ.ಯಲ್ಲಿ (ವಿಡಿಯೊ ಕಾನ್ಫರೆನ್ಸಿನಲ್ಲಿ) ಎಲ್ಲರೆದುರು ನಿಲ್ಲಿಸಿ ಬೈಯುತ್ತದೆ ಎಂಬುದನ್ನು ನೌಕರ ನೋಡುತ್ತಿರುತ್ತಾನೆ. ಫಲಕ ಒಂದು ಹೇಳಿ ಟಾರ್ಗೆಟ್ ಹಾಳೆ ಇನ್ನೊಂದು ಹೇಳಿದರೆ ಅವನು ಯಾವುದನ್ನು ಕೇಳುತ್ತಾನೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಅಮೆರಿಕದ ಎನ್ರಾನ್ ಕಂಪನಿಗೂ ನಾಲ್ಕು ಮೌಲ್ಯಗಳಿದ್ದವು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. 2001ರ ಡಿಸೆಂಬರಿನಲ್ಲಿ ಅದು ದಿವಾಳಿ ಎದ್ದಿತು. ನಮ್ಮಲ್ಲೇ ಹೆಸರಿನಲ್ಲೇ ಸತ್ಯವನ್ನು ಇಟ್ಟುಕೊಂಡಿದ್ದ ಸತ್ಯಂ ಕಂಪನಿ 2008ರಲ್ಲಿ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದು, 2009ರ ಜನವರಿ 7ರಂದು ತನ್ನ ಲೆಕ್ಕಪುಸ್ತಕಗಳೇ ಸುಳ್ಳೆಂದು ಅಧ್ಯಕ್ಷರ ಪತ್ರದ ಮೂಲಕ ಒಪ್ಪಿಕೊಂಡಿತು. ಈ ಎರಡೂ ಮೇಲಿನವರು ಮಾಡಿದ ಮೋಸ. ನಮ್ಮನ್ನು ಹೆಚ್ಚು ಹೆದರಿಸಬೇಕಾದದ್ದು ಇವಲ್ಲ. ಒಳ್ಳೆಯ ಮನೆಗಳಿಂದ ಬಂದ ಸಾವಿರಾರು ಸಾಮಾನ್ಯ ನೌಕರರು, ಯಾರೂ ‘ಮೋಸ ಮಾಡಿ’ ಎಂದು ಬಾಯಿಬಿಟ್ಟು ಹೇಳದಿದ್ದರೂ, ದಿನವೂ ಇಷ್ಟಿಷ್ಟೇ ಮೋಸ ಮಾಡುವಂತಾದ ಕಥೆ ಬೇರೆಯೇ ಇದೆ.

ಅದು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ. 1852ರಲ್ಲಿ ಹುಟ್ಟಿದ ಬ್ಯಾಂಕು, ಕುದುರೆ ಸಾರೋಟು ಅದರ ಗುರುತು. (ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಹುಟ್ಟಿದ್ದೂ ಅದೇ ವರ್ಷ. ಕಾಕತಾಳೀಯವೇ, ಆದರೆ ಸುಬ್ಬರಾಯರು ಈ ಬರಹದಲ್ಲಿ ಮತ್ತೆ ಬರುತ್ತಾರೆ.) ವೆಲ್ಸ್ ಫಾರ್ಗೋ ತನ್ನ ದರ್ಶನ ಮತ್ತು ಮೌಲ್ಯಗಳನ್ನು ವಿವರಿಸುವ ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ನೌಕರರಿಗೆ ಕೊಡುತ್ತಿತ್ತು. ಜೊತೆಗೆ ಇನ್ನೊಂದು ಸಣ್ಣ ಘೋಷಣೆಯೂ ಇತ್ತು. ಪ್ರತಿ ಗ್ರಾಹಕನಿಗೂ ಬ್ಯಾಂಕಿನ ಎಂಟು ಉತ್ಪನ್ನ ಮಾರಬೇಕು. ಎಂಟೇ ಏಕೆ? ಇಂಗ್ಲಿಷಿನಲ್ಲಿ ‘ಎಯ್ಟ್’ ಎನ್ನುವುದು ‘ಗ್ರೇಟ್’ ಎನ್ನುವುದಕ್ಕೆ ಪ್ರಾಸವಾಗುತ್ತದೆ, ಅಷ್ಟೇ. ಪ್ರಾಸಕ್ಕಾಗಿ ಅರ್ಥ ಕೆಡಿಸುವ ಕವಿಗಳನ್ನು ನಾವು ಕಂಡಿದ್ದೇವೆ. ಪ್ರಾಸಕ್ಕಾಗಿ ಕೆಟ್ಟ ಬ್ಯಾಂಕು ಇದೊಂದೇ ಇರಬೇಕು.

ಉಳಿತಾಯ ಖಾತೆಯೊಂದು ಇದ್ದವನಿಗೆ ಇನ್ನೊಂದು ಖಾತೆ, ಕ್ರೆಡಿಟ್ ಕಾರ್ಡು, ಆನ್‌ಲೈನ್ ಸೇವೆ. ಬೇಕಿದ್ದರೂ ಸರಿ, ಬೇಡದಿದ್ದರೂ ಸರಿ. ವರ್ಷದ ಆರಂಭದಲ್ಲಿ ‘ಜಂಪ್ ಇಂಟು ಜನವರಿ’ ಎಂಬ ಕ್ಯಾಂಪೇನು. ಗುರಿ ಮುಟ್ಟದವರಿಗೆ ದಿನಕ್ಕೆ ಹಲವು ಸಲ ಮೇಲಿನಿಂದ ಫೋನು. ಗ್ರಾಹಕರು ‘ಬೇಡ’ ಎಂದಾಗ ನೌಕರರು ಅವರಿಗೆ ಹೇಳದೆಯೇ ಖಾತೆ ತೆರೆದರು. ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ಸರಿಸಿದರು, ಸಹಿ ತಾವೇ ಹಾಕಿದರು. ಮುಂದೆ ಬ್ಯಾಂಕಿನ ಸ್ವತಂತ್ರ ನಿರ್ದೇಶಕರು ನಡೆಸಿದ ವಿಚಾರಣೆಯ ವರದಿ 2017ರ ಏಪ್ರಿಲಿನಲ್ಲಿ ಹೊರಬಂದಾಗ ಒಂದು ಸಂಗತಿ ಬಯಲಾಯಿತು. ಆ ಗುರಿಗಳನ್ನು ಬ್ಯಾಂಕಿನ ಒಳಗಿನವರೇ ‘50-50 ಯೋಜನೆ’ ಎಂದು ಕರೆಯುತ್ತಿದ್ದರು. ಅಂದರೆ ಅರ್ಧದಷ್ಟು ಪ್ರದೇಶಗಳು ಗುರಿ ಮುಟ್ಟಲಾರವು ಎಂಬುದು ಗುರಿ ಹಾಕುವಾಗಲೇ ಗೊತ್ತಿತ್ತು.

ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲವೆ? ಬಾರಿಸಿತ್ತು. 2013ರ ಡಿಸೆಂಬರಿನಲ್ಲೇ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಈ ಒತ್ತಡದ ಬಗ್ಗೆ ವಿವರವಾಗಿ ಬರೆದಿತ್ತು. ತಪ್ಪು ಮಾಡಿದ ನೌಕರರನ್ನು ಬ್ಯಾಂಕು ವರ್ಷ ವರ್ಷವೂ ವಜಾ ಮಾಡುತ್ತಿತ್ತು, ಐದು ವರ್ಷಗಳಲ್ಲಿ ಸುಮಾರು 5,300 ಮಂದಿಯನ್ನು. ಹೆಚ್ಚಿನವರು ಕೌಂಟರಿನ ಮಟ್ಟದವರು. ಒಂದು ಸಂಸ್ಥೆ ಒಂದೇ ಬಗೆಯ ತಪ್ಪಿಗೆ 5,300 ಜನರನ್ನು ಹೊರಹಾಕುವಾಗ ತಪ್ಪು ಜನರಲ್ಲಿದೆಯೋ ಗುರಿಯಲ್ಲಿದೆಯೋ ಎಂದು ಯಾರೋ ಒಬ್ಬರು ಕೇಳಬೇಕಿತ್ತು. ಕೇಳಲಿಲ್ಲ. ಜನ ಬದಲಾದರು, ಎಂಟು ಎಂಟಾಗಿಯೇ ಉಳಿಯಿತು.

2016ರ ಸೆಪ್ಟೆಂಬರಿನಲ್ಲಿ ನಿಯಂತ್ರಕ ಸಂಸ್ಥೆಗಳು 18.5 ಕೋಟಿ ಡಾಲರ್ ದಂಡ ಹಾಕಿದವು. ಮುಖ್ಯಸ್ಥ ಜಾನ್ ಸ್ಟಂಫ್ ಸೆನೆಟ್ ಸಮಿತಿಯ ಎದುರು ತಲೆತಗ್ಗಿಸಿ ನಿಂತು, ಅಕ್ಟೋಬರಿನಲ್ಲಿ ಹುದ್ದೆ ಬಿಟ್ಟರು. ಸುಮಾರು 20 ಲಕ್ಷ ಎಂದುಕೊಂಡಿದ್ದ ಅನಧಿಕೃತ ಖಾತೆಗಳ ಸಂಖ್ಯೆ ಮರುವರ್ಷ 35 ಲಕ್ಷಕ್ಕೆ ಏರಿತು. 2018ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಆ ಬ್ಯಾಂಕು ಬೆಳೆಯಲೇಬಾರದೆಂದು ಮಿತಿ ಹೇರಿತು. ಆ ಬೇಲಿ ತೆಗೆದದ್ದು 2025ರ ಜೂನಿನಲ್ಲಿ. 2020ರಲ್ಲಿ ಇನ್ನೂ 300 ಕೋಟಿ ಡಾಲರ್ ಕೊಟ್ಟು ಬ್ಯಾಂಕು ರಾಜಿ ಮಾಡಿಕೊಂಡಿತು. ಮೋಸ ನಡೆಯುತ್ತಿದ್ದಷ್ಟು ಕಾಲವೂ ಮೌಲ್ಯಗಳು ಪುಸ್ತಿಕೆಯಲ್ಲಿ ಇದ್ದೇ ಇದ್ದವು.

ಸಾಗರದಾಚೆಯ ಆ ಕಥೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅದರ ಮೊದಲ ಅಧ್ಯಾಯ ನಮ್ಮ ಬ್ಯಾಂಕುಗಳಲ್ಲಿ ಈಗ ಬರೆಯಲ್ಪಡುತ್ತಿರುವಂತೆ ಕಾಣುತ್ತಿದೆ.

ವೆಲ್ಸ್ ಫಾರ್ಗೋ ಸಿಕ್ಕಿಬಿದ್ದ ಅದೇ 2016ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ನಮ್ಮ ದೇಶದ ಒಂದು ಸುದ್ದಿಯನ್ನು ಹೊರಗೆಡವಿತ್ತು. ಜನಧನ ಯೋಜನೆಯಲ್ಲಿ ತೆರೆದ ಖಾತೆಗಳು ಖಾಲಿ ಇವೆ ಎಂಬ ಟೀಕೆ ಬಂದಾಗ, ‘ಶೂನ್ಯ ಶಿಲ್ಕು’ ಖಾತೆಗಳ ಸಂಖ್ಯೆ ತಗ್ಗಿಸುವ ಒತ್ತಡ ಶಾಖೆಗಳ ಮೇಲೆ ಬಿತ್ತು. ಸಿಬ್ಬಂದಿ ಏನು ಮಾಡಿದರು? ಬಡವರ ಖಾತೆಗಳಿಗೆ ತಾವೇ ಒಂದೊಂದು ರೂಪಾಯಿ ಹಾಕಿದರು, ಕೆಲವರು ಸ್ವಂತ ಕಿಸೆಯಿಂದ. ಖಾತೆದಾರರಿಗೆ ಗೊತ್ತೇ ಇಲ್ಲ. ಕೇಳಿ ನಕ್ಕುಬಿಟ್ಟೆವು, ಒಂದು ರೂಪಾಯಿ ತಾನೇ ಎಂದು. ನಗುವ ವಿಷಯವಾಗಿರಲಿಲ್ಲ ಅದು. ಅಂಕಿ ಸರಿಯಾಗಿ ಕಂಡರೆ ಸಾಕು, ಅದರ ಹಿಂದೆ ಮನುಷ್ಯ ಇದ್ದಾನೋ ಇಲ್ಲವೋ ಯಾರೂ ನೋಡುವುದಿಲ್ಲ ಎಂಬ ಪಾಠವನ್ನು ಆವತ್ತು ಸಾವಿರಾರು ಶಾಖೆಗಳು ಕಲಿತವು.

ಪಾಠ ಚೆನ್ನಾಗಿ ನೆನಪಿತ್ತು ಎನ್ನುವುದಕ್ಕೆ 2023 ಸಾಕ್ಷಿ. ಬ್ಯಾಂಕ್ ಆಫ್ ಬರೋಡಾದ ಮೊಬೈಲ್ ಆ್ಯಪಿಗೆ ನೋಂದಣಿ ಹೆಚ್ಚಿಸಿ ತೋರಿಸಲು ಸಿಬ್ಬಂದಿ ಗ್ರಾಹಕರ ಖಾತೆಗಳಿಗೆ ಬೇರೆ ಯಾರದೋ ಮೊಬೈಲ್ ನಂಬರ್ ಜೋಡಿಸಿದರೆಂದು ಅಲ್ ಜಜೀರಾ ವರದಿ ಮಾಡಿತು. ಅಕ್ಟೋಬರ್ 10ರಂದು ರಿಸರ್ವ್ ಬ್ಯಾಂಕು ಆ ಆ್ಯಪಿಗೆ ಹೊಸ ಗ್ರಾಹಕರನ್ನು ಸೇರಿಸುವುದನ್ನೇ ತಡೆಯಿತು. ತಡೆ ತೆರವಾದದ್ದು ಮರುವರ್ಷದ ಮೇ ತಿಂಗಳಲ್ಲಿ. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ವಿಲೀನವಾದದ್ದು ಇದೇ ಬ್ಯಾಂಕಿಗೆ ಎಂಬುದನ್ನು ಕರಾವಳಿಯವರಿಗೆ ಯಾರೂ ನೆನಪಿಸಬೇಕಿಲ್ಲ.

2024ರ ಮೇ ತಿಂಗಳಲ್ಲಿ ಹರಿದಾಡಿದ ವಿಡಿಯೊ ಇನ್ನೂ ಹತ್ತಿರದ್ದು. ಕೆನರಾ ಬ್ಯಾಂಕಿನ ಅಧಿಕಾರಿಯೊಬ್ಬರು ಆನ್‌ಲೈನ್ ಸಭೆಯಲ್ಲಿ ಕೈಕೆಳಗಿನವರನ್ನು ಗದರುತ್ತಿದ್ದರು. ಕೆಲಸಕ್ಕಿಂತ ಮನೆಮಂದಿ ಮುಖ್ಯವಾದರೇ ಎಂಬ ಧಾಟಿ. ಬ್ಯಾಂಕು ಕೂಡಲೇ ಇಂಥ ವೈಯಕ್ತಿಕ ವರ್ತನೆಯನ್ನು ತಾನು ಒಪ್ಪುವುದಿಲ್ಲ, ನೌಕರರ ದುಡಿಮೆಯನ್ನು ಗೌರವಿಸುತ್ತೇನೆ, ಕ್ರಮ ಕೈಗೊಳ್ಳುತ್ತೇನೆ ಎಂದಿತು. ಸರಿಯಾಗಿಯೇ ಹೇಳಿತು. ಆದರೆ ‘ವೈಯಕ್ತಿಕ’ ಎಂಬ ಪದದ ಮೇಲೆ ನಮಗೆ ಅನುಮಾನ. ಇಂಥದೇ ವಿಡಿಯೊಗಳು ಖಾಸಗಿ ಬ್ಯಾಂಕುಗಳಿಂದಲೂ ಬಂದಿವೆ. ಬೇರೆ ಬೇರೆ ಊರಿನ, ಬೇರೆ ಬೇರೆ ಬ್ಯಾಂಕಿನ, ಒಬ್ಬರನ್ನೊಬ್ಬರು ಕಂಡಿರದ ಅಧಿಕಾರಿಗಳು ಒಂದೇ ರಾಗದಲ್ಲಿ ಬೈಯುತ್ತಿದ್ದರೆ, ಆ ರಾಗ ಎಲ್ಲಿಂದಲೋ ಕೆಳಗಿಳಿದು ಬಂದಿರಬೇಕು.

ಸುಬ್ಬರಾವ್ ಪೈಯವರನ್ನು ಇಲ್ಲಿ ಕರೆಯಬೇಕು. ಮಂಗಳೂರಿನ ವಕೀಲರು. 1891ರಲ್ಲಿ ಕೆನರಾ ಹೈಸ್ಕೂಲ್, 1894ರಲ್ಲಿ ಹೆಣ್ಣುಮಕ್ಕಳ ಶಾಲೆ, 1906ರಲ್ಲಿ ಮುಂದೆ ಕೆನರಾ ಬ್ಯಾಂಕಾದ ನಿಧಿ. ಅವರದೆಂದು ಬ್ಯಾಂಕು ಇಂದಿಗೂ ಹೇಳಿಕೊಳ್ಳುವ ಸ್ಥಾಪನಾ ತತ್ವಗಳಲ್ಲಿ ಮೊದಲನೆಯದು ಲಾಭದ ಮಾತಲ್ಲ, ಠೇವಣಿಯ ಮಾತೂ ಅಲ್ಲ. ಮೂಢನಂಬಿಕೆ, ಅಜ್ಞಾನಗಳನ್ನು ತೊಲಗಿಸುವುದು. ಉಳಿತಾಯದ ಅಭ್ಯಾಸ ಬೆಳೆಸುವುದು ಬರುವುದು ಆಮೇಲೆ. ಬ್ಯಾಂಕು ಸಮಾಜದ ಹಣದ ಹೃದಯವಷ್ಟೇ ಆಗದೆ ಸಾಮಾಜಿಕ ಹೃದಯವೂ ಆಗಬೇಕು ಎಂಬುದು ಇನ್ನೊಂದು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ತೆರೆದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಯಿತು. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಇವತ್ತಿನ ಯಾವ ರೀಜನಲ್ ಆಫೀಸಾದರೂ ಆ ಅಂಕಿ ನೋಡಿ ಅವರನ್ನು ವಿ.ಸಿ.ಯಲ್ಲಿ ನಿಲ್ಲಿಸಿಬಿಡುತ್ತಿತ್ತು.

ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ಟಾರ್ಗೆಟ್ ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಎಂಬತ್ತರ ದಶಕದಲ್ಲಿ ಜನಾರ್ದನ ಪೂಜಾರಿಯವರ ಸಾಲಮೇಳಗಳಲ್ಲಿ ಮ್ಯಾನೇಜರುಗಳು ಸಂಖ್ಯೆಗೆ ಹೆದರಿದ್ದುಂಟು, ಬಡವರಿಗೆ ಮೊದಲ ಸಲ ಬ್ಯಾಂಕಿನ ಬಾಗಿಲು ತೆರೆದದ್ದೂ ಉಂಟು. ಗುರಿ ಇದ್ದದ್ದರಿಂದ ಮೌಲ್ಯ ಕೆಡುತ್ತದೆ ಎಂಬುದು ನಮ್ಮ ವಾದವಲ್ಲ. ಯಾವ ಗುರಿ ಎಂಬುದು ಪ್ರಶ್ನೆ.

ಪಿಗ್ಮಿಯನ್ನೇ ನೋಡಿ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆ, ಕೆಲಸ ಕಳೆದುಕೊಂಡ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು. ಅದೇ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡು ಆಣೆ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದ. ಅವನಿಗೂ ಸಂಗ್ರಹದ ಲೆಕ್ಕವಿತ್ತು, ಕಮಿಷನ್ ಇತ್ತು. ಆದರೂ ಅವನು ಊರಿನ ನೆಂಟನಂತೆ ಇದ್ದ. ಏಕೆಂದರೆ ಹೂ ಮಾರುವವಳು ಉಳಿಸಿದರೆ ಮಾತ್ರ ಅವನಿಗೆ ಗಿಟ್ಟುತ್ತಿತ್ತು. ಅವಳಿಗೆ ನಷ್ಟವಾಗಿ ಅವನಿಗೆ ಲಾಭವಾಗುವ ದಾರಿಯೇ ಇರಲಿಲ್ಲ. ಅವಳೆದುರೇ ಪುಸ್ತಕದಲ್ಲಿ ಬರೆಯಬೇಕು, ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕು. ಮೋಸ ಮಾಡಿದವರು ಇರಲಿಲ್ಲವೆಂದಲ್ಲ, ಪಿಗ್ಮಿ ಹಣದೊಂದಿಗೆ ಊರು ಬಿಟ್ಟವರ ಕಥೆಗಳನ್ನೂ ಕೇಳಿದ್ದೇವೆ. ಆದರೆ ಆ ವ್ಯವಸ್ಥೆಯಲ್ಲಿ ಮೋಸ ಮಾಡಲು ಮನಸ್ಸು ಕೆಡಬೇಕಿತ್ತು. ಈಗಿನದರಲ್ಲಿ ಟಾರ್ಗೆಟ್ ಮುಟ್ಟಿಸುವ ಮನಸ್ಸಿದ್ದರೆ ಸಾಕು.

ಇಂದು ಶಾಖೆಯ ಬೆಳಗು ವಿಮೆಯ ‘ಲಾಗಿನ್ ಡೇ’ಯಿಂದ, ಅಂದರೆ ಆ ದಿನ ಇಷ್ಟು ಪಾಲಿಸಿ ಅರ್ಜಿ ದಾಖಲಾಗಲೇಬೇಕೆಂಬ ಒತ್ತಾಯದಿಂದ, ಶುರುವಾಗುತ್ತದೆ. ಇಷ್ಟು ಪಾಲಿಸಿ, ಇಷ್ಟು ಮ್ಯೂಚುವಲ್ ಫಂಡ್, ಇಷ್ಟು ಕ್ರೆಡಿಟ್ ಕಾರ್ಡ್. ಇದರಿಂದ ಬ್ಯಾಂಕಿಗೆ ಬರುವುದು ಕಮಿಷನ್. ಇಲ್ಲಿ ಮಾತ್ರ ಗ್ರಾಹಕನಿಗೆ ನಷ್ಟವಾದರೂ ಮಾರಿದವನ ಅಂಕಿ ಏರುತ್ತದೆ. 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳು ವಿಮೆಯನ್ನು ತಪ್ಪುದಾರಿಯಲ್ಲಿ ಮಾರುವುದರ ಬಗ್ಗೆ ಅಸಮಾಧಾನ ತೋರಿದ್ದರು, ಅದು ಸಾಲದ ವೆಚ್ಚವನ್ನೂ ಹೆಚ್ಚಿಸುತ್ತದೆ ಎಂದು. ಸಚಿವರ ಮಾತು ಆಯಿತು, ಪತ್ರಿಕೆಗಳಲ್ಲಿ ಬಂತು, ಮಾರ್ಚ್ ಮತ್ತೆ ಬಂತು.

ಕೌಂಟರಿನ ಭಾಷೆಯ ಜಗಳವನ್ನೂ ನಾವು ಇದೇ ಸಾಲಿನಲ್ಲಿ ಇಡುತ್ತೇವೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಸೂರ್ಯನಗರದ ಎಸ್.ಬಿ.ಐ. ಶಾಖೆಯಲ್ಲಿ ಕನ್ನಡ ಮಾತನಾಡುವುದಿಲ್ಲವೆಂದ ಅಧಿಕಾರಿಯ ವಿಡಿಯೊ ರಾಜ್ಯವನ್ನೇ ಕೆರಳಿಸಿತು, ಮುಖ್ಯಮಂತ್ರಿಯವರೂ ಖಂಡಿಸಿದರು, ವರ್ಗಾವಣೆಯಾಯಿತು. ಒಬ್ಬರ ಉದ್ಧಟತನಕ್ಕೆ ಶಿಕ್ಷೆ ಸರಿ. ಆದರೆ ಎಲ್ಲೆಲ್ಲಿಂದಲೋ ಬಂದ ಅಧಿಕಾರಿಗೆ ಕನ್ನಡ ಕಲಿಯಲು ಬ್ಯಾಂಕು ಎಷ್ಟು ಗಂಟೆ ಬಿಡುವು ಕೊಟ್ಟಿದೆ? ವಿಮೆ ಮಾರುವುದನ್ನು ಕಲಿಸಲು ಎಷ್ಟು ಕೊಟ್ಟಿದೆ? ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗ್ರಾಹಕಸೇವೆ ಎಂಬ ಮೌಲ್ಯದ ತೂಕ ತಿಳಿಯುತ್ತದೆ. ಗ್ರಾಹಕನ ಮಾತು ಅರ್ಥವಾಗದವನೂ ಪಾಲಿಸಿ ಮಾರಬಹುದಾದರೆ, ಅಲ್ಲಿ ಮಾರಾಟ ನಡೆಯುತ್ತಿದೆ, ಬ್ಯಾಂಕಿಂಗ್ ಅಲ್ಲ.

ಎಚ್ಚರಿಕೆ ತಡವಾದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಈಗಾಗಲೇ ಕಂಡಿದೆ. ಮೈಕ್ರೊಫೈನಾನ್ಸ್ ಕಂಪನಿಗಳ ಜಾಲತಾಣಗಳಲ್ಲೂ ಮಹಿಳಾ ಸಬಲೀಕರಣ, ಘನತೆ ಎಂಬ ದೊಡ್ಡ ಮಾತುಗಳಿದ್ದವು. ಹಳ್ಳಿಯ ಬಾಗಿಲಿಗೆ ಬಂದ ವಸೂಲಿ ಹುಡುಗನ ಕೈಯಲ್ಲಿದ್ದದ್ದು ಆ ದಿನದ ವಸೂಲಿ ಅಂಕಿ ಮಾತ್ರ. ಮನೆಗಳಿಗೆ ಬೀಗ ಬಿದ್ದು, ಕುಟುಂಬಗಳು ಊರು ತೊರೆದು, ಜೀವಗಳು ಹೋದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಹುಡುಗರೂ ನಮ್ಮ ನಿಮ್ಮ ಊರಿನವರೇ.

ಹಾಗಾದರೆ ಬ್ಯಾಂಕುಗಳು ಈಗ ಮಾಡಬೇಕಾದದ್ದೇನು? ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ ಜಾಗೃತಿ ಅರಿವು ಸಪ್ತಾಹ ನಡೆಯುತ್ತದೆ, ಎಲ್ಲರೂ ಸಾಲಾಗಿ ನಿಂತು ಪ್ರಾಮಾಣಿಕತೆಯ ಪ್ರತಿಜ್ಞೆ ಮಾಡುತ್ತಾರೆ. ಇನ್ನೊಂದು ಪ್ರತಿಜ್ಞೆ, ಇನ್ನೊಂದು ಫಲಕ ಬೇಡ. ಮೊದಲು ವಿಮೆಯ ಲೆಕ್ಕ ಹಾಕುವ ರೀತಿ ಬದಲಾಗಲಿ. ಮಾರಿದ ದಿನ ಅಂಕ ಕೊಡಬೇಡಿ. 13ನೇ ತಿಂಗಳಲ್ಲಿ ಗ್ರಾಹಕ ಎರಡನೇ ವರ್ಷದ ಪ್ರೀಮಿಯಂ ಕಟ್ಟಿದನೋ ಇಲ್ಲವೋ ನೋಡಿ. ವಿಮಾ ಕ್ಷೇತ್ರವೇ ಈ ಲೆಕ್ಕವನ್ನು ಇಡುತ್ತದೆ, ಶಾಖೆವಾರು ತೆಗೆದು ಸೂಚನಾಫಲಕದಲ್ಲಿ ಹಾಕುವುದಕ್ಕೆ ಏನೂ ಖರ್ಚಿಲ್ಲ. ಬೇಕಾದ ಪಾಲಿಸಿಯನ್ನು ಜನ ಮುಂದುವರಿಸುತ್ತಾರೆ, ಕಟ್ಟಿದ್ದನ್ನು ಕಳೆದುಕೊಂಡರೂ ಪರವಾಗಿಲ್ಲವೆಂದು ಬಿಟ್ಟುಬಿಡುವುದು ತಲೆಗೆ ಕಟ್ಟಿದ್ದನ್ನು. ವೆಲ್ಸ್ ಫಾರ್ಗೋ ಕೂಡ ಕಡೆಗೆ ಶಾಖೆಗಳ ಮಾರಾಟದ ಗುರಿಗಳನ್ನು ಕೈಬಿಟ್ಟಿತು, ಆದರೆ ಮಾನ ಹೋದ ಮೇಲೆ.

‘ಅಮ್ಮಾ, ಇದು ನಿಮಗಲ್ಲ’ ಎಂದು ಗ್ರಾಹಕರನ್ನು ವಾಪಸು ಕಳಿಸಿದ ನೌಕರನಿಗೆ ಆಮೇಲೆ ಏನಾಯಿತು ಎಂಬುದನ್ನು ನಿರ್ದೇಶಕ ಮಂಡಳಿಗಳು ಒಮ್ಮೆ ವಿಚಾರಿಸಲಿ. ಅವನಿಗೆ ದೂರದ ಊರಿಗೆ ವರ್ಗವಾಗಿದ್ದರೆ ಆ ಶಾಖೆಯ ಉಳಿದವರಿಗೆಲ್ಲ ಬ್ಯಾಂಕಿನ ನಿಜವಾದ ಮೂಲಮೌಲ್ಯ ಅಂದೇ ತಿಳಿದಿರುತ್ತದೆ. ಒತ್ತಡದ ಬಗ್ಗೆ ದೂರು ಕೊಟ್ಟವರ ಗತಿಯೂ ಅಷ್ಟೆ. ದೂರು ಕೇಳುವವನೂ ಟಾರ್ಗೆಟ್ ಹಾಕುವವನೂ ಒಂದೇ ಮಹಡಿಯಲ್ಲಿ ಕುಳಿತಿದ್ದರೆ ದೂರಿನ ಪೆಟ್ಟಿಗೆ ಗೋಡೆಯ ಅಲಂಕಾರ. ರಿಸರ್ವ್ ಬ್ಯಾಂಕು ಆ್ಯಪ್ ತಡೆದಂತೆ ಒಂದು ಬ್ಯಾಂಕಿನ ವಿಮಾ ಮಾರಾಟವನ್ನೂ ಆರು ತಿಂಗಳು ತಡೆದು ನೋಡಲಿ, ಉಳಿದವು ಸಾಲಿಗೆ ಬರುತ್ತವೆ. ಕಠಿಣ ಎನಿಸಬಹುದು. ಫೆಡರಲ್ ರಿಸರ್ವ್ ಕಟ್ಟಿದ ಬೇಲಿ ಏಳು ವರ್ಷ ನಿಂತಿತ್ತು, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಇನ್ನು ಚಿಕ್ಕಮ್ಮನ ಪಾಲಿಸಿ. ಮನೆಯಲ್ಲಿ ಮಕ್ಕಳು ಕಾಗದ ಓದಿ ಗಾಬರಿಯಾದರು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದರೆ ಹಿಂದಿರುಗಿಸಬಹುದು ಎಂಬ ನಿಯಮವಿದೆ. ಅದರಂತೆ ಬರೆದುಕೊಂಡು ಮಾರ್ಚ್ ಇಪ್ಪತ್ತೈದರ ಸುಮಾರಿಗೆ ಅವರು ಮತ್ತೆ ಶಾಖೆಗೆ ಹೋದರು. ಜಗಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಜಗಳವಾಗಲಿಲ್ಲ. ಆ ಹುಡುಗ ಅರ್ಜಿ ತೆಗೆದುಕೊಂಡು ಓದಿದ, ಬಿಟ್ಟುಹೋಗಿದ್ದ ಪಾಲಿಸಿ ನಂಬರನ್ನು ತಾನೇ ತುಂಬಿದ, ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದ. ಆಮೇಲೆ ಮ್ಯಾನೇಜರ್ ಕೋಣೆಯ ಕಡೆ ಒಮ್ಮೆ ನೋಡಿ, ಅರ್ಜಿಯನ್ನು ಮಡಚಿ ಅವರ ಕೈಗೇ ವಾಪಸು ಕೊಟ್ಟು, ಕಲಿತಷ್ಟು ಕನ್ನಡದಲ್ಲಿ ಮೆಲ್ಲಗೆ ಹೇಳಿದನಂತೆ: ‘ಮೇಡಂ, ಏಪ್ರಿಲ್ ಎರಡಕ್ಕೆ ಬನ್ನಿ. ಪ್ಲೀಸ್. ದುಡ್ಡು ಪೂರ್ತಿ ಬರ್ತದೆ.’

ಚಿಕ್ಕಮ್ಮ ಏಪ್ರಿಲ್ ಎರಡಕ್ಕೆ ಹೋದರು. ಏಕೆ ಒಪ್ಪಿದಿರಿ ಎಂದು ನಾವು ಕೇಳಿದ್ದಕ್ಕೆ, ‘ಪರೀಕ್ಷೆಯ ಹಿಂದಿನ ದಿನದ ಮಗುವಿನ ಮುಖ ಇತ್ತು ಅವನದು’ ಎಂದರು.